ಅಂಗಡಿಯಲ್ಲೇ ಕಂಪ್ಯೂಟರ್ ಮುಟ್ಟಿ ನೋಡಿ ಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಲ್ಯಾಪ್‌ಟಾಪ್ ಬಗ್ಗೆಯೇ ಮಾತು ಜಾಸ್ತಿ. ಅಂಗಡಿಯಲ್ಲಿ ಮುಟ್ಟಿ ನೋಡಲೇಬೇಕಾದ ವಸ್ತು ಅದೇ. ಡೆಸ್ಕ್‌ಟಾಪ್ ಕೊಳ್ಳುವವರಿಗೂ ಒಂದು ಪ್ರಶ್ನೆ ಇಟ್ಟಿದ್ದೇನೆ.

ಎಲ್ಲ ವಿವರವೂ ಆನ್‌ಲೈನ್‌ನಲ್ಲೇ ಸಿಗುತ್ತದೆ. ಅಂಗಡಿಗೆ ಯಾಕೆ ಹೋಗಬೇಕು?

ಆನ್‌ಲೈನ್‌ನಲ್ಲಿ ಸಿಗುವುದು ಅಂಕಿಗಳು. ಪ್ರೊಸೆಸರ್ ಎಷ್ಟು ವೇಗ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಅನ್ನುವುದನ್ನು ಒಳ್ಳೆಯ ವಿಮರ್ಶೆ ಓದಿ ತಿಳಿದುಕೊಳ್ಳಬಹುದು. ನಿಜ ಹೇಳಬೇಕೆಂದರೆ ಅವನ್ನು ಅಂಗಡಿಯಲ್ಲಿ ಅಳೆಯಲು ಹೋದರೆ ತಪ್ಪು ಉತ್ತರವೇ ಸಿಗುವ ಸಾಧ್ಯತೆ ಹೆಚ್ಚು. ಆದರೆ ಕೀಬೋರ್ಡ್ ನಿಮ್ಮ ಬೆರಳಿಗೆ ಒಗ್ಗುತ್ತದೋ ಇಲ್ಲವೋ, ಪರದೆಯ ಅಕ್ಷರ ನಿಮ್ಮ ಕಣ್ಣಿಗೆ ಸಾಲುತ್ತದೋ ಇಲ್ಲವೋ ಎಂದು ಯಾವ ವಿಮರ್ಶಕರೂ ನಿಮ್ಮ ಪರವಾಗಿ ಹೇಳಲಾರರು. ಕೈ, ಕಣ್ಣು, ಕಿವಿ ತೀರ್ಮಾನಿಸಬೇಕಾದ್ದನ್ನು ಅಂಗಡಿಯಲ್ಲಿ ತೀರ್ಮಾನಿಸಿ. ಉಳಿದದ್ದನ್ನು ಮನೆಯಲ್ಲಿ ಕೂತು ಓದಿ. ಮುಂದಿನ ಉತ್ತರಗಳೆಲ್ಲ ಹೆಚ್ಚು ಕಡಿಮೆ ಈ ಒಂದು ಮಾತಿನ ಸುತ್ತಲೇ ಇವೆ.

ಹೋಗುವ ಮುಂಚೆ ಏನು ತಯಾರಿ ಬೇಕು?

ಎರಡು ಮೂರು ಮಾಡೆಲ್ ಆರಿಸಿಕೊಂಡು ಹೋಗಿ. ಏನೂ ಗೊತ್ತಿಲ್ಲದೆ ಹೋದರೆ ಅಂಗಡಿಯವರು ಯಾವುದನ್ನು ಖಾಲಿ ಮಾಡಬೇಕೆಂದಿದ್ದಾರೋ ಅದರ ಮುಂದೆಯೇ ನಿಂತಿರುತ್ತೀರಿ.

ವಾರದ ನಡುವೆ, ಬೆಳಗ್ಗೆ ಹೊತ್ತು ಹೋದರೆ ಜನ ಕಡಿಮೆ. ಗದ್ದಲ ಇದ್ದಾಗ ಸ್ಪೀಕರ್ ಕೇಳಿಸುವುದಿಲ್ಲ, ಫ್ಯಾನ್ ಸದ್ದು ಗೊತ್ತಾಗುವುದಿಲ್ಲ, ಹಿಂದೆ ಇನ್ನೊಬ್ಬರು ಕಾಯುತ್ತಿದ್ದರೆ ನೆಮ್ಮದಿಯಾಗಿ ಟೈಪ್ ಮಾಡಲೂ ಆಗುವುದಿಲ್ಲ. ಓದುವ ಕನ್ನಡಕ ಇದ್ದರೆ ಮರೆಯದೆ ಒಯ್ಯಿರಿ. ವೈರ್ ಇರುವ ಇಯರ್‌ಫೋನ್ ಇದ್ದರೆ ಅದನ್ನೂ ಒಯ್ಯಿರಿ.

ಇನ್ನೊಂದು ಮುಖ್ಯ ವಿಷಯ: ಕಂಪ್ಯೂಟರ್ ಬಳಸುವವರು ಯಾರೋ ಅವರೇ ಬರಲಿ. ಅಮ್ಮನಿಗೋ ಮಗಳಿಗೋ ಕೊಡಿಸುವಾಗ ನೀವೊಬ್ಬರೇ ಹೋಗಿ ಕೀಬೋರ್ಡ್ ಒತ್ತಿ ನೋಡಿ ಬಂದರೆ ಏನು ಉಪಯೋಗ?

ಅಷ್ಟು ಹೊತ್ತು ಒಂದೇ ಮೆಷಿನ್ ಮುಂದೆ ನಿಂತರೆ ಸಿಬ್ಬಂದಿ ಏನಾದರೂ ಅಂದುಕೊಳ್ಳುವುದಿಲ್ಲವೇ?

ಅಂದುಕೊಳ್ಳಲಿ ಬಿಡಿ. ಡಿಸ್‌ಪ್ಲೇ ಪೀಸ್ ಇಟ್ಟಿರುವುದೇ ಮುಟ್ಟಿ ನೋಡಲು. "ಇನ್ನೂ ತೀರ್ಮಾನ ಮಾಡಿಲ್ಲ, ಸ್ವಲ್ಪ ಹೊತ್ತು ನೋಡುತ್ತೇನೆ" ಎಂದು ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ನಿರಾಳ. ಲಾಕ್ ತೆಗೆಯುವುದು, ಸೆಟ್ಟಿಂಗ್ಸ್ ತೆರೆಯುವುದು, ಚಾರ್ಜರ್ ತೋರಿಸುವುದು ಇಂಥದ್ದಕ್ಕೆಲ್ಲ ಅವರ ಸಹಾಯ ಬೇಕಾಗುತ್ತದೆ. ಕೇಳಿ ಮಾಡಿ, ಕದ್ದು ಮಾಡಬೇಡಿ.

ಕೀಬೋರ್ಡ್ ಹೇಗೆ ಪರೀಕ್ಷಿಸುವುದು?

ನನ್ನ ಲೆಕ್ಕದಲ್ಲಿ ಅಂಗಡಿಗೆ ಹೋಗುವ ಅರ್ಧ ಕಾರಣ ಇದೇ. ಬಹುತೇಕರು ನಾಲ್ಕು ಕೀ ಕುಟ್ಟಿ "ಚೆನ್ನಾಗಿದೆ" ಅಂದು ಮುಂದೆ ಹೋಗುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಮೊದಲ ಅರ್ಧ ನಿಮಿಷ ಎಲ್ಲ ಹೊಸ ಕೀಬೋರ್ಡೂ ಚೆನ್ನಾಗಿಯೇ ಇರುತ್ತದೆ.

ನೋಟ್‌ಪ್ಯಾಡ್ ತೆರೆಯಿರಿ. ದಿನಾ ಯಾವ ಭಾಷೆಯಲ್ಲಿ, ಯಾವ ರೀತಿಯದ್ದನ್ನು ಟೈಪ್ ಮಾಡುತ್ತೀರೋ ಅದನ್ನೇ ಒಂದೆರಡು ಪ್ಯಾರಾ ಹೊಡೆಯಿರಿ. ಸಾಧ್ಯವಾದರೆ ಕುರ್ಚಿ ಕೇಳಿ ಕೂತುಕೊಳ್ಳಿ. ಅಂಗಡಿಯ ಮೇಜು ನಿಂತು ನೋಡುವವರಿಗಾಗಿ ಎತ್ತರ ಇರುತ್ತದೆ, ನಿಂತಾಗ ಮಣಿಕಟ್ಟು ಬೇರೆಯದೇ ಕೋನದಲ್ಲಿರುತ್ತದೆ. ತಪ್ಪುಗಳನ್ನು ಗಮನಿಸಿ. ತಪ್ಪು ಎಲ್ಲ ಕಡೆ ಹರಡಿದ್ದರೆ ಅದು ಹೊಸತನ, ಕ್ರಮೇಣ ಹೋಗುತ್ತದೆ. ಪದೇ ಪದೇ ಒಂದೇ ಕೀ ತಪ್ಪುತ್ತಿದ್ದರೆ ಅದು ಜೋಡಣೆಯ ತೊಂದರೆ, ಅದಕ್ಕೆ ಒಗ್ಗಿಕೊಳ್ಳುವುದು ಕಷ್ಟ.

ಕೀ ಒಳಗಿಳಿಯುವ ಆಳ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸುಮಾರು 1 ಮಿಲಿಮೀಟರ್, ಸ್ವಲ್ಪ ದಪ್ಪದವುಗಳಲ್ಲಿ 1.3ರಿಂದ 1.5 ಮಿಲಿಮೀಟರ್ ಇರುತ್ತದೆ. ಅರ್ಧ ಮಿಲಿಮೀಟರ್ ಏನು ಮಹಾ ಅನಿಸಬಹುದು. ಅಕ್ಕಪಕ್ಕದಲ್ಲಿಟ್ಟು ಟೈಪ್ ಮಾಡಿದರೆ ಕಣ್ಣು ಮುಚ್ಚಿಕೊಂಡೇ ವ್ಯತ್ಯಾಸ ಹೇಳಬಹುದು. ಬಾಣದ ಗುರುತಿನ ಕೀಗಳನ್ನು ನೋಡಿ: ಮೇಲಿನದ್ದು, ಕೆಳಗಿನದ್ದು ಅರ್ಧ ಗಾತ್ರದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆಯೇ? ಹೋಮ್, ಎಂಡ್, ಡಿಲೀಟ್ ಎಲ್ಲಿವೆ? ಪವರ್ ಬಟನ್ ಡಿಲೀಟ್ ಪಕ್ಕದಲ್ಲೇ ಕೂತಿದೆಯೇ? ಕೀಬೋರ್ಡಿನ ನಡುಭಾಗವನ್ನು ಹೆಬ್ಬೆರಳಿನಿಂದ ಸ್ವಲ್ಪ ಒತ್ತಿ ನೋಡಿ. ಜಾಸ್ತಿ ತಗ್ಗಿದರೆ ಟೈಪ್ ಮಾಡುವಾಗಲೆಲ್ಲ ಆ ಕುಣಿತ ಇರುತ್ತದೆ.

ಬಲಗಡೆ ಪ್ರತ್ಯೇಕ ಅಂಕಿ ಕೀಗಳಿರುವ ಮಾಡೆಲ್‌ಗಳಲ್ಲಿ ಅಕ್ಷರಗಳ ಭಾಗವೂ ಟಚ್‌ಪ್ಯಾಡೂ ಎಡಕ್ಕೆ ಸರಿದಿರುತ್ತವೆ. ಅಂಕಿ ಜಾಸ್ತಿ ಹೊಡೆಯುವವರಿಗೆ ಇದು ವರ. ಉಳಿದವರು ಪರದೆಯ ನಡುವೆ ನೋಡುತ್ತಾ ಎಡಕ್ಕೆ ವಾಲಿಕೊಂಡು ಟೈಪ್ ಮಾಡಬೇಕಾಗುತ್ತದೆ.

ಟಚ್‌ಪ್ಯಾಡ್?

ಎರಡು ಬೆರಳಲ್ಲಿ ಉದ್ದದ ಪುಟವೊಂದನ್ನು ಮೇಲೆ ಕೆಳಗೆ ಓಡಿಸಿ. ಪದವೊಂದನ್ನು ಆರಿಸಿ ಬೇರೆ ಕಡೆಗೆ ಎಳೆಯಿರಿ. ನಾಲ್ಕೂ ಮೂಲೆಯಲ್ಲಿ ಕ್ಲಿಕ್ ಮಾಡಿ. ಹಲವು ಟಚ್‌ಪ್ಯಾಡ್‌ಗಳ ಮೇಲಂಚಿನಲ್ಲಿ ಕೀಲು ಇರುವುದರಿಂದ ಅಲ್ಲಿ ಒತ್ತಿದರೆ ಕ್ಲಿಕ್ ಆಗುವುದೇ ಇಲ್ಲ. ಕಂಪನದಿಂದ ಕ್ಲಿಕ್ಕಿನ ಅನುಭವ ಕೊಡುವ ಹ್ಯಾಪ್ಟಿಕ್ ಟಚ್‌ಪ್ಯಾಡ್‌ಗಳಲ್ಲಿ ಈ ತಕರಾರು ಇಲ್ಲ. ಮೌಸ್ ಇಲ್ಲದೆ ಕೆಲಸ ಮಾಡದವರು ಇದನ್ನು ತಲೆಗೆ ಹಚ್ಚಿಕೊಳ್ಳಬೇಕಿಲ್ಲ.

ಅಂಗಡಿಯಲ್ಲಿ ಎಲ್ಲ ಪರದೆಯೂ ಅದ್ಭುತವಾಗಿ ಕಾಣುತ್ತದೆ. ವ್ಯತ್ಯಾಸ ಗುರುತಿಸುವುದು ಹೇಗೆ?

ಕಾಣುವಂತೆ ಇಟ್ಟಿರುತ್ತಾರೆ, ಅದಕ್ಕೇ. ಬ್ರೈಟ್‌ನೆಸ್ ಪೂರ್ತಿ ಏರಿಸಿ, ಗಾಢ ಬಣ್ಣದ ಡೆಮೊ ವಿಡಿಯೋ ಸುತ್ತಿ ಸುತ್ತಿ ಓಡುತ್ತಿರುತ್ತದೆ. ಮೊದಲು ಆ ವಿಡಿಯೋ ನಿಲ್ಲಿಸಿ. ಬಿಳಿ ಹಿನ್ನೆಲೆಯಲ್ಲಿ ಕಪ್ಪಕ್ಷರ ಇರುವ ಪುಟ ತೆರೆಯಿರಿ. ನೀವು ದಿನವಿಡೀ ನೋಡುವುದು ಅದನ್ನೇ ಅಲ್ವಾ? ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಹಿಡಿದು ಎ ಒತ್ತಿದರೆ ಬ್ರೈಟ್‌ನೆಸ್ ಪಟ್ಟಿ ಬರುತ್ತದೆ. ಅದನ್ನು ಅರ್ಧಕ್ಕೆ ಇಳಿಸಿ. ಅಂಗಡಿಯ ಅಷ್ಟು ಬೆಳಕಿನಲ್ಲೂ ಅರ್ಧದಲ್ಲಿ ಸರಾಗವಾಗಿ ಓದಲು ಆದರೆ ಪರದೆ ಗಟ್ಟಿ ಇದೆ. ಪೂರ್ತಿ ಏರಿಸಿದ ಮೇಲೂ ಮಂಕು ಅನಿಸಿದರೆ ಕಿಟಕಿ ಪಕ್ಕ ಕೂತಾಗ ತೊಂದರೆ ಗ್ಯಾರಂಟಿ. ವಿವರಪಟ್ಟಿಯ ಅಂಕಿ ನೋಡುವುದಾದರೆ 250 ನಿಟ್ಸ್ (ಪರದೆಯ ಬೆಳಕಿನ ಅಳತೆ) ಒಳಾಂಗಣಕ್ಕೆ ಹೇಗೋ ಸಾಕು, 300ಕ್ಕಿಂತ ಮೇಲಿದ್ದರೆ ನೆಮ್ಮದಿ, ಬೆಳಕು ಜಾಸ್ತಿ ಇರುವ ಕಡೆ ಕೆಲಸ ಮಾಡುವವರಿಗೆ 400 ಬೇಕು.

ಬಣ್ಣದ ವಿಷಯದಲ್ಲಿ ಒಂದು ಅಂಕಿ ನೆನಪಿಡಿ. ವಿವರಪಟ್ಟಿಯಲ್ಲಿ "45% ಎನ್‌ಟಿಎಸ್‌ಸಿ" ಎಂದು ಬರೆದಿದ್ದರೆ ಅದು ಕಡಿಮೆ ಬಣ್ಣ ತೋರಿಸುವ ಅಗ್ಗದ ಪ್ಯಾನೆಲ್, ಅಂದರೆ ಪರದೆಯ ಹಲಗೆ. ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿ, ಮನುಷ್ಯರ ಮುಖ ಪೇಲವವಾಗಿ ಕಾಣುತ್ತದೆ. "100% ಎಸ್‌ಆರ್‌ಜಿಬಿ" ಎಂದಿರುವ, ಹೆಚ್ಚು ಬಣ್ಣ ತೋರಿಸುವ ಪರದೆಯ ಪಕ್ಕದಲ್ಲಿಟ್ಟು ಒಂದೇ ಫೋಟೋ ತೆರೆದರೆ ಯಾರೂ ವಿವರಿಸಬೇಕಾಗಿಲ್ಲ. ಫೋಟೋ, ವಿಡಿಯೋ ಕೆಲಸ ಮಾಡದವರು ಇದರಲ್ಲಿ ರಾಜಿ ಆಗಬಹುದು. ಬೆಳಕಿನ ವಿಷಯದಲ್ಲಿ ಯಾರೂ ರಾಜಿ ಆಗಬೇಡಿ.

ತಲೆಯನ್ನು ಪಕ್ಕಕ್ಕೆ, ಮೇಲಕ್ಕೆ ಸರಿಸಿ ನೋಡಿ. ಐಪಿಎಸ್ ಪ್ಯಾನೆಲ್ ಆದರೆ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಹಳೆಯ ಟಿಎನ್ ಪ್ಯಾನೆಲ್ ಆದರೆ ಮೇಲಿಂದ ನೋಡಿದಾಗ ತೊಳೆದು ಹೋದಂತೆ, ಕೆಳಗಿಂದ ನೋಡಿದಾಗ ಕಪ್ಪಾಗಿ ಕಾಣುತ್ತದೆ. ಹೊಳಪಿನ ಪರದೆಯಲ್ಲಿ ನಿಮ್ಮ ಮುಖ, ಹಿಂದಿನ ದೀಪ ಎರಡೂ ಕಾಣುತ್ತವೆ. ಮ್ಯಾಟ್ ಪರದೆಯಲ್ಲಿ ಕಾಣುವುದಿಲ್ಲ, ಆದರೆ ಬಣ್ಣ ಒಂದಿಷ್ಟು ಸಪ್ಪೆ.

ಪ್ರತಿ ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ಪರದೆ ಚಂದವೋ ಚಂದ. ಆದರೆ ಕೆಲವು ಓಎಲ್‌ಇಡಿ ಪರದೆಗಳು ಬ್ರೈಟ್‌ನೆಸ್ ತಗ್ಗಿಸಿದಾಗ ಅತಿ ವೇಗವಾಗಿ ಮಿಣುಕುತ್ತವೆ. ಕಣ್ಣಿಗೆ ನೇರವಾಗಿ ಕಾಣದಿದ್ದರೂ ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ. ಬ್ರೈಟ್‌ನೆಸ್ ಇಳಿಸಿ, ಫೋನ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಅಡ್ಡಪಟ್ಟಿಗಳು ಓಡಾಡಿದರೆ ಮಿಣುಕು ಇದೆ ಎಂದರ್ಥ.

ಅಕ್ಷರದ ಗಾತ್ರವನ್ನೂ ಇಲ್ಲೇ ತೀರ್ಮಾನಿಸಿ. 14 ಇಂಚಿನ ಪರದೆಯಲ್ಲಿ ಸ್ಕೇಲ್ (ಅಕ್ಷರ, ಚಿತ್ರಗಳನ್ನು ಹಿಗ್ಗಿಸುವ ಪ್ರಮಾಣ) 125 ಅಥವಾ 150 ಶೇಕಡಾಕ್ಕೆ ಇಟ್ಟಿರುವುದು ಮಾಮೂಲು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ನಿಮಗೆ ಹಿತವಾಗುವಷ್ಟು ಬದಲಿಸಿ, ಆಮೇಲೆ ಪರದೆಯಲ್ಲಿ ಎಷ್ಟು ಸಾಲು ಉಳಿಯುತ್ತದೆ ನೋಡಿ. 1920 ಬೈ 1080 ಪಿಕ್ಸೆಲ್ (ಚುಕ್ಕಿ) ಪರದೆಗಿಂತ 1920 ಬೈ 1200 ಪರದೆ ಎತ್ತರ ಸ್ವಲ್ಪ ಜಾಸ್ತಿ. ಓದುವ, ಬರೆಯುವ ಕೆಲಸಕ್ಕೆ ಆ ಎತ್ತರ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ತೂಕ, ಗಟ್ಟಿತನ ನೋಡಲು ಲಾಕ್ ಕೇಬಲ್ ಅಡ್ಡ ಬರುತ್ತದಲ್ಲ?

ಸಿಬ್ಬಂದಿಗೆ ಹೇಳಿ ಬಿಚ್ಚಿಸಿ. ಒಂದು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆಯಿರಿ. 1.2 ಕಿಲೋ ಮತ್ತು 1.8 ಕಿಲೋ ಎಂದು ಓದುವಾಗ ಹೆಚ್ಚೇನೂ ಅನಿಸುವುದಿಲ್ಲ, ಹಿಡಿದಾಗ ಕೈಗೆ ಗೊತ್ತಾಗುತ್ತದೆ. ಚಾರ್ಜರ್ ತೋರಿಸಲು ಕೇಳುವುದನ್ನು ಮರೆಯಬೇಡಿ. ಗೇಮಿಂಗ್ ಲ್ಯಾಪ್‌ಟಾಪ್‌ಗಳ ಚಾರ್ಜರ್ ಒಂದೇ ಅರ್ಧ ಕಿಲೋಗಿಂತ ಜಾಸ್ತಿ ತೂಗಬಹುದು, ಅದನ್ನೂ ಚೀಲದಲ್ಲಿ ಹೊರುವವರು ನೀವೇ.

ಮುಚ್ಚಳವನ್ನು ಒಂದೇ ಕೈಯಲ್ಲಿ ತೆರೆಯಲು ನೋಡಿ. ಮೇಜು ಕುಟ್ಟಿದರೆ ಪರದೆ ಎಷ್ಟು ಹೊತ್ತು ಅಲುಗಾಡುತ್ತದೆ ಗಮನಿಸಿ. ಡಿಸ್‌ಪ್ಲೇ ಪೀಸನ್ನು ನೂರಾರು ಜನ ತೆರೆದು ಮುಚ್ಚಿರುತ್ತಾರೆ. ಇದರಲ್ಲೊಂದು ಲಾಭ ಇದೆ. ಕೀಲು ಈಗಾಗಲೇ ಸಡಿಲವಾಗಿದ್ದರೆ, ಕೀಗಳ ಮೇಲಿನ ಅಕ್ಷರ ಅಳಿಸಿದ್ದರೆ, ಆ ಮಾಡೆಲ್ ಮುಂದೆ ಹೇಗೆ ಸವೆಯುತ್ತದೆ ಎಂದು ಪುಕ್ಕಟೆಯಾಗಿ ತೋರಿಸಿದ ಹಾಗಾಯಿತು.

ಸ್ಪೀಕರ್, ಕ್ಯಾಮೆರಾ, ಫ್ಯಾನ್ ಸದ್ದು?

ಸ್ಪೀಕರ್‌ಗೆ ಹಾಡಿಗಿಂತ ಮಾತು ಒಳ್ಳೆಯ ಪರೀಕ್ಷೆ. ಯಾರೋ ಮಾತಾಡುವ ವಿಡಿಯೋ ಹಾಕಿ, ದನಿ ಡಬ್ಬಿಯೊಳಗಿಂದ ಬಂದಂತಿದೆಯೇ ಕೇಳಿ. ಹಲವು ಲ್ಯಾಪ್‌ಟಾಪ್‌ಗಳ ಸ್ಪೀಕರ್ ತಳದಲ್ಲಿರುತ್ತದೆ. ಮೇಜಿನ ಮೇಲೆ ಚೆನ್ನಾಗಿ ಕೇಳುವುದು ಹಾಸಿಗೆ ಮೇಲಿಟ್ಟಾಗ ಉಸಿರು ಕಟ್ಟಿದಂತಾಗುತ್ತದೆ. ಸ್ವಲ್ಪ ಎತ್ತಿ, ತಳದ ಕಿಂಡಿಗಳನ್ನು ಕೈಯಿಂದ ಮುಚ್ಚಿ ನೋಡಿದರೆ ಗೊತ್ತಾಗುತ್ತದೆ.

ಕ್ಯಾಮೆರಾ ಆ್ಯಪ್ ತೆರೆದು ನಿಮ್ಮ ಮುಖ ನೋಡಿಕೊಳ್ಳಿ. ಅಂಗಡಿಯ ಬೆಳಕಿನಲ್ಲೇ ಮುಖ ಮಸುಕಾಗಿ ಕಂಡರೆ ಮನೆಯ ಸಂಜೆ ಬೆಳಕಿನಲ್ಲಿ ಕಥೆ ಮುಗಿಯಿತು. ಹಾಗೇ ನಾಲ್ಕು ಮಾತು ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿದರೆ ಮೈಕ್ ಕೂಡ ನೋಡಿದಂತಾಯಿತು.

ಫ್ಯಾನ್ ಸದ್ದು ಅಂಗಡಿಯಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಬಿಸಿ ಗಾಳಿ ಎಲ್ಲಿಂದ ಹೊರಗೆ ಬರುತ್ತದೆ ಎಂದಷ್ಟೇ ನೋಡಿಕೊಳ್ಳಿ. ಬಲಗಡೆಯಿಂದ ಬಂದರೆ ಬಲಗೈಯಲ್ಲಿ ಮೌಸ್ ಹಿಡಿಯುವವರ ಬೆರಳಿಗೆ ನೇರವಾಗಿ ಬಡಿಯುತ್ತದೆ, ಎಡಗೈಯವರಿಗೆ ಎಡಗಡೆಯ ಕಿಂಡಿ ಕಾಟ.

ವೇಗ ಪರೀಕ್ಷಿಸಲು ಆಗುತ್ತದೆಯೇ?

ಅಷ್ಟಾಗಿ ಇಲ್ಲ. ಹೊಸ ಎಸ್‌ಎಸ್‌ಡಿ (ವೇಗದ ಡಿಸ್ಕ್), ಖಾಲಿ ವಿಂಡೋಸ್, ಚಾರ್ಜರ್ ಸದಾ ಸಿಕ್ಕಿಸಿರುತ್ತದೆ. ಹಾಗಿದ್ದಾಗ ಎಲ್ಲವೂ ಚುರುಕು. ಅಥವಾ ಡೆಮೊ ತಂತ್ರಾಂಶ ಹಿಂದೆ ಓಡುತ್ತಾ ಒಳ್ಳೆಯ ಮೆಷಿನ್ ಕೂಡ ತಡವರಿಸುತ್ತಿರುತ್ತದೆ. ಎರಡರಿಂದಲೂ ತೀರ್ಮಾನಕ್ಕೆ ಬರಬೇಡಿ. ಇಂಟರ್ನೆಟ್ ಇದ್ದರೆ ಸ್ಪೀಡೋಮೀಟರ್ ಎಂಬ ಬ್ರೌಸರ್ ಪರೀಕ್ಷೆ ಓಡಿಸಬಹುದು. ಒಂದೇ ಬ್ರೌಸರ್‌ನಲ್ಲಿ, ಅಕ್ಕಪಕ್ಕದ ಎರಡು ಮೆಷಿನ್‌ಗಳನ್ನು ಹೋಲಿಸಲು ಅದು ಪರವಾಗಿಲ್ಲ. ಉಳಿದಂತೆ ಒಳಗೆ ಏನಿದೆ ಎಂದು ನೋಡುವುದೇ ಸರಿಯಾದ ದಾರಿ.

ಒಳಗೆ ಏನಿದೆ ಎಂದು ಹೇಗೆ ನೋಡುವುದು? ಮುಂದೆ ಇಟ್ಟಿರುವ ಚೀಟಿಯನ್ನು ನಂಬಬಹುದಲ್ಲ?

ಚೀಟಿ ಪಕ್ಕದ ಮೆಷಿನ್ನಿನದ್ದೂ ಆಗಿರಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರು, ರ‍್ಯಾಮ್ ಎಷ್ಟು, ಡಿಸ್ಕ್ ಯಾವುದು, ಗ್ರಾಫಿಕ್ಸ್ ಯಾವುದು ಎಲ್ಲ ಇರುತ್ತದೆ. ಎಷ್ಟು ರ‍್ಯಾಮ್ ಸ್ಲಾಟ್ ತುಂಬಿದೆ ಎಂದೂ ಹೇಳುತ್ತದೆ. ಆದರೂ "ಮುಂದೆ ರ‍್ಯಾಮ್ ಹೆಚ್ಚಿಸಬಹುದೇ, ಇಲ್ಲ ಬದಲಿಸಲಾಗದಂತೆ ಬೋರ್ಡಿಗೇ ಬೆಸುಗೆ ಹಾಕಿದ್ದಾರೆಯೇ" ಎಂದು ಬಾಯಿಬಿಟ್ಟು ಕೇಳಿ, ಮನೆಗೆ ಬಂದು ಕಂಪನಿಯ ವಿವರಪಟ್ಟಿಯಲ್ಲಿ ತಾಳೆ ನೋಡಿ. ಮ್ಯಾಕ್ ಆದರೆ ಎಡ ಮೂಲೆಯ ಸೇಬಿನ ಗುರುತು ಒತ್ತಿ, "ಅಬೌಟ್ ದಿಸ್ ಮ್ಯಾಕ್" ತೆರೆದರೆ ಸಾಕು. ಡೆಮೊ ಮೋಡ್‌ನಲ್ಲಿ ಇವನ್ನು ಮುಚ್ಚಿಟ್ಟಿದ್ದರೆ ತೆರೆದು ತೋರಿಸಲು ಕೇಳಿ.

ಪ್ರೊಸೆಸರ್‌ನ ಪೂರ್ತಿ ಹೆಸರು ಯಾಕೆ ಮುಖ್ಯ ಎಂದರೆ, "ರೈಜನ್ 5" ಅಥವಾ "ಕೋರ್ ಐ5" ಅನ್ನುವುದರಿಂದ ಬಹಳ ಕಡಿಮೆ ಗೊತ್ತಾಗುತ್ತದೆ. ರೈಜನ್ 5 7520ಯು ಮತ್ತು ರೈಜನ್ 5 7640ಯು ಎರಡೂ ಒಂದೇ ಸರಣಿ. ಮೊದಲನೆಯದರ ಒಳಗಿರುವುದು ಹಳೆಯ ಜೆನ್ 2 ಪೀಳಿಗೆಯ ಕೋರ್, ಎರಡನೆಯದರಲ್ಲಿ ಹೊಸ ಜೆನ್ 4 ಪೀಳಿಗೆಯದ್ದು. ಆ ಸರಣಿಯಲ್ಲಿ ಮೂರನೇ ಅಂಕಿ ನೋಡಿದರೆ ಗುಟ್ಟು ಸಿಗುತ್ತದೆ. ಗ್ರಾಫಿಕ್ಸ್‌ನಲ್ಲೂ ಇದೇ ಆಟ. ಲ್ಯಾಪ್‌ಟಾಪ್‌ಗಳಲ್ಲಿ ಬರುವ ಆರ್‌ಟಿಎಕ್ಸ್ 4060 ಚಿಪ್ಪಿಗೆ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ವಿದ್ಯುತ್ ಬೇಕಾದರೂ ಕೊಡಬಹುದು. ಚಿಪ್ಪು ಅದೇ, ಕೆಲಸ ಬೇರೆ.

ಇನ್ನೊಂದು ಎಚ್ಚರ. ಒಂದೇ ಮಾಡೆಲ್ ಹೆಸರಿನಡಿ ಬೇರೆ ಬೇರೆ ಪರದೆ, ಬೇರೆ ಬೇರೆ ಬ್ಯಾಟರಿ ಬರುತ್ತವೆ. ನೀವು ನೋಡಿ ಮೆಚ್ಚಿದ್ದು ಒಳ್ಳೆಯ ಪರದೆಯದ್ದು, ಡಬ್ಬಿಯಲ್ಲಿ ಬಂದದ್ದು ಸಾದಾ ಪರದೆಯದ್ದು ಆಗಬಾರದು. ತಳದ ಸ್ಟಿಕ್ಕರ್‌ನಲ್ಲಿರುವ ಉದ್ದದ ಪಾರ್ಟ್ ನಂಬರನ್ನು ಫೋಟೋ ತೆಗೆದುಕೊಳ್ಳಿ. ಡಬ್ಬಿಯ ಮೇಲೂ ಅದೇ ಇರಬೇಕು.

ಡಿಸ್ಕ್ 512 ಜಿಬಿ ಎಂದು ಬರೆದಿದ್ದಾರೆ, ವಿಂಡೋಸ್ 476 ತೋರಿಸುತ್ತಿದೆ. ಮೋಸವೇ?

ಅಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಟೈಪ್-ಸಿ ಪೋರ್ಟ್ ಇದ್ದರೆ ಚಾರ್ಜಿಂಗ್, ಮಾನಿಟರ್ ಎಲ್ಲ ಆಗುತ್ತದೆ ಅಲ್ವಾ?

ಆಗಲೇಬೇಕೆಂದಿಲ್ಲ. ಕೆಲವು ಪೋರ್ಟ್‌ಗಳು ಡೇಟಾಗೆ ಮಾತ್ರ. ಪಕ್ಕದಲ್ಲಿ ಮಿಂಚಿನ ಗುರುತು ಇದ್ದರೆ ಅದು ಥಂಡರ್‌ಬೋಲ್ಟ್ ಎಂಬ ವೇಗದ ಪೋರ್ಟ್, ಅದರಲ್ಲಿ ಮಾನಿಟರ್ ಓಡುತ್ತದೆ. ಗುರುತು ಏನೂ ಇಲ್ಲದಿದ್ದರೆ ವಿವರಪಟ್ಟಿ ನೋಡಿ, ಅಥವಾ ಅಂಗಡಿಯಲ್ಲೇ ಟೈಪ್-ಸಿ ಚಾರ್ಜರ್ ಸಿಕ್ಕಿಸಿ ತೋರಿಸಲು ಕೇಳಿ.

ಬ್ಯಾಟರಿ ಎಷ್ಟು ಬರುತ್ತದೆ ಎಂದು ಅಂಗಡಿಯಲ್ಲಿ ನೋಡಬಹುದೇ?

ಇಲ್ಲ. ಇದನ್ನು ಪೂರ್ತಿ ವಿಮರ್ಶೆಗಳಿಗೆ ಬಿಡಿ. ಅಂಗಡಿಯಲ್ಲಿ ಕೇಳಬಹುದಾದ್ದು ಬ್ಯಾಟರಿಯ ಸಾಮರ್ಥ್ಯ ಎಷ್ಟು ವ್ಯಾಟ್-ಅವರ್ ಎಂಬ ಒಂದು ಅಂಕಿ ಮಾತ್ರ. ಮೂಲೆಯಲ್ಲಿ ತೋರಿಸುವ "ಇನ್ನು ಇಷ್ಟು ಗಂಟೆ" ಅನ್ನುವುದು ಕ್ಷಣಕ್ಕೊಂದು ಮಾತು ಹೇಳುತ್ತದೆ.

ನನ್ನ ಮೇಲ್ ತೆರೆದು ನೋಡಲೇ? ಪೆನ್ ಡ್ರೈವ್ ಹಾಕಲೇ?

ಎರಡೂ ಬೇಡ. ಡೆಮೊ ಮೆಷಿನ್‌ನಲ್ಲಿ ಪಾಸ್‌ವರ್ಡ್ ಟೈಪ್ ಮಾಡಲೇಬಾರದು. ನಿಮಗಿಂತ ಮುಂಚೆ ಯಾರು ಏನು ಹಾಕಿ ಹೋಗಿದ್ದಾರೋ ಗೊತ್ತಿಲ್ಲ. ಪೆನ್ ಡ್ರೈವ್ ಹಾಕಿದರೆ ವೈರಸ್ ಹತ್ತುವ ಭಯ ನಿಮಗೂ ಇದೆ, ಅಂಗಡಿಯವರಿಗೂ ಇದೆ. ಫೋಟೋ ನೋಡಬೇಕಿದ್ದರೆ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುವಂಥದ್ದನ್ನು ತೆರೆಯಿರಿ. ಕ್ಯಾಮೆರಾದಲ್ಲಿ ತೆಗೆದ ನಿಮ್ಮ ಫೋಟೋ, ರೆಕಾರ್ಡಿಂಗ್ ಅಳಿಸಿ ಬನ್ನಿ.

ಡಿಸ್‌ಪ್ಲೇ ಪೀಸನ್ನೇ ಕಡಿಮೆ ಬೆಲೆಗೆ ಕೊಡುತ್ತೇವೆ ಅನ್ನುತ್ತಾರೆ. ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಬಹುದು, ಆದರೆ ಸುಮ್ನೆ ಅಲ್ಲ. ತಿಂಗಳುಗಟ್ಟಲೆ ಪೂರ್ತಿ ಚಾರ್ಜ್‌ನಲ್ಲೇ, ಬಿಸಿಯಲ್ಲೇ ನಿಂತ ಲಿಥಿಯಂ ಬ್ಯಾಟರಿ ಬಳಸದೆಯೂ ಮುದಿಯಾಗುತ್ತದೆ. ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯುವ ಕಮಾಂಡ್ ಇದೆ, ಅಂಗಡಿಯವರಿಗೆ ಓಡಿಸಲು ಹೇಳಿ. ಮೂಲ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ತುಂಬಿದರೆ ಎಷ್ಟು ಎಂದು ಅದರಲ್ಲಿ ಎರಡು ಅಂಕಿ ಇರುತ್ತದೆ. ಅಂತರ ದೊಡ್ಡದಿದ್ದರೆ ಬ್ಯಾಟರಿ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ವಾರಂಟಿ ಯಾವತ್ತಿನಿಂದ ಶುರು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಓಎಲ್‌ಇಡಿ ಡಿಸ್‌ಪ್ಲೇ ಪೀಸ್ ಆದರೆ ನಾನಂತೂ ಬೇಡ ಅನ್ನುತ್ತೇನೆ. ಒಂದೇ ಡೆಮೊ ಚಿತ್ರ ದಿನವಿಡೀ ಓಡಿ ಅದರ ನೆರಳು ಪರದೆಯಲ್ಲಿ ಉಳಿದಿರಬಹುದು. ಬೂದು ಬಣ್ಣವನ್ನು ಪೂರ್ತಿ ಪರದೆಗೆ ತುಂಬಿಸಿದರೆ ಅದು ಕಾಣುತ್ತದೆ.

ಬಹಳ ಹಳೆಯ ಸ್ಟಾಕ್ ಆಗಿದ್ದರೆ ವಿಂಡೋಸ್ 11 ಓಡುತ್ತದೆಯೇ ಕೇಳಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಹೊಸ ಡಬ್ಬಿಯನ್ನು ಅಂಗಡಿಯಲ್ಲೇ ತೆರೆಸಬೇಕೇ?

ಹೌದು, ಸಾಧ್ಯವಿದ್ದರೆ ಖಂಡಿತ. ಸೀಲ್ ನಿಮ್ಮೆದುರೇ ಒಡೆಯಲಿ. ಡಬ್ಬಿಯ ಸೀರಿಯಲ್ ನಂಬರ್, ತಳದ ಸೀರಿಯಲ್ ನಂಬರ್, ಬಿಲ್ಲಿನಲ್ಲಿರುವುದು ಮೂರೂ ಒಂದೇ ಇವೆಯೇ ನೋಡಿ. ಆನ್ ಮಾಡಿದಾಗ ಮೊದಲ ಸೆಟಪ್ ಪರದೆ ಬರಬೇಕು. ನೇರವಾಗಿ ಡೆಸ್ಕ್‌ಟಾಪ್ ಬಂದರೆ ಅದನ್ನು ಯಾರೋ ಮುಂಚೆ ತೆರೆದಿದ್ದಾರೆ, ಯಾಕೆ ಎಂದು ಕೇಳಿ. ಗೀಚು, ಸತ್ತ ಪಿಕ್ಸೆಲ್, ಅಂಚಿನಲ್ಲಿ ಬೆಳಕು ಸೋರುವುದು ಇವನ್ನು ಅಲ್ಲೇ ತೋರಿಸಿದರೆ ಬದಲಾಯಿಸುವುದು ಸುಲಭ. ಮನೆಗೆ ಹೋದ ಮೇಲೆ ಅದೇ ಗೀಚಿಗೆ ನೀವೇ ಹೊಣೆ ಆಗುತ್ತೀರಿ.

ನನ್ನ ಹಳೆಯ ತಂತ್ರಾಂಶ, ಪ್ರಿಂಟರ್ ಹೊಸದರಲ್ಲಿ ನಡೆಯುತ್ತದೆಯೇ?

ಸ್ನಾಪ್‌ಡ್ರಾಗನ್ ಎಕ್ಸ್‌ನಂಥ ಆರ್ಮ್ ಪ್ರೊಸೆಸರ್ (ಮಾಮೂಲಿ ಇಂಟೆಲ್, ಎಎಂಡಿಗಿಂತ ಬೇರೆ ಬಗೆಯದ್ದು) ಇರುವ ವಿಂಡೋಸ್ ಲ್ಯಾಪ್‌ಟಾಪ್ ಆದರೆ ವಿಚಾರಿಸಲೇಬೇಕು. ಸಾಮಾನ್ಯ ಆ್ಯಪ್‌ಗಳು ಅನುವಾದದ ಪದರದ ಮೂಲಕ ಓಡುತ್ತವೆ. ಹಾರ್ಡ್‌ವೇರ್ ಡ್ರೈವರ್‌ಗಳಿಗೆ, ಅಂದರೆ ಪ್ರಿಂಟರ್‌ನಂಥ ಸಾಧನ ನಡೆಸುವ ತಂತ್ರಾಂಶಕ್ಕೆ, ಆ ಅನುಕೂಲ ಇಲ್ಲ. ಹಳೆಯ ಪ್ರಿಂಟರ್, ಸ್ಕ್ಯಾನರ್ ಇರುವವರು ಆರ್ಮ್‌ಗೆ ಡ್ರೈವರ್ ಇದೆಯೇ ಎಂದು ಆ ಕಂಪನಿಯ ತಾಣದಲ್ಲಿ ನೋಡಿಕೊಂಡು ಹೋಗಿ. ಎಸ್ ಮೋಡ್ ಇರುವ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್ ಮಾತ್ರ ಹಾಕಬಹುದು. ಅದರಿಂದ ಹೊರಬರಲು ಹಣ ಕೊಡಬೇಕಿಲ್ಲ, ಆದರೆ ಮತ್ತೆ ಒಳಗೆ ಹೋಗಲಾಗದು.

ಡೆಸ್ಕ್‌ಟಾಪ್ ಕೊಳ್ಳುವಾಗ ಏನು ಮುಟ್ಟಿ ನೋಡುವುದು?

ಪೆಟ್ಟಿಗೆಯಲ್ಲಿ ನೋಡುವುದು ಕಡಿಮೆ. ಸದ್ದು ಎಷ್ಟು, ಮುಂಭಾಗದಲ್ಲಿ ಯುಎಸ್‌ಬಿ ಪೋರ್ಟ್ ಇದೆಯೇ, ಪಕ್ಕದ ಬಾಗಿಲು ಸುಲಭವಾಗಿ ತೆರೆಯುತ್ತದೆಯೇ, ಅಷ್ಟೇ. ಸಮಯವನ್ನೆಲ್ಲ ಮಾನಿಟರ್, ಕೀಬೋರ್ಡ್, ಮೌಸ್ ಮೇಲೆ ಹಾಕಿ. ಮಾನಿಟರಿನ ಎತ್ತರ ಏರಿಸಿ ಇಳಿಸಲು ಆಗುತ್ತದೆಯೇ ನೋಡಿ. ಓರೆ ಮಾಡಲು ಮಾತ್ರ ಆಗುವ ಸ್ಟ್ಯಾಂಡ್‌ಗಳೇ ಜಾಸ್ತಿ. ಆಲ್-ಇನ್-ಒನ್ ಆದರೆ ಇದು ಇನ್ನೂ ಮುಖ್ಯ, ಯಾಕೆಂದರೆ ಆ ಪರದೆಯನ್ನು ಆಮೇಲೆ ಬೇರೆಯದಕ್ಕೆ ಬದಲಿಸಲು ಆಗುವುದಿಲ್ಲ.

ಅಂಗಡಿಯಲ್ಲಿ ನೋಡಿ ಆನ್‌ಲೈನ್‌ನಲ್ಲಿ ಕೊಂಡರೆ ತಪ್ಪೇ?

ತಪ್ಪೇನಲ್ಲ. ಆದರೆ ಅರ್ಧ ಗಂಟೆ ನಿಮಗಾಗಿ ನಿಂತು ಲಾಕ್ ಬಿಚ್ಚಿ, ಚಾರ್ಜರ್ ತಂದು ತೋರಿಸಿದವರಿಗೆ ಆನ್‌ಲೈನ್ ಬೆಲೆ ತೋರಿಸಿ "ಇದಕ್ಕೆ ಕೊಡುತ್ತೀರಾ" ಎಂದು ಒಂದು ಮಾತು ಕೇಳಿ. ಎಷ್ಟೋ ಸಲ ಕೊಡುತ್ತಾರೆ. ಅಂತರ ಚಿಕ್ಕದಿದ್ದರೆ ನಾನು ಅಂಗಡಿಯನ್ನೇ ಆರಿಸುತ್ತೇನೆ, ಏನಾದರೂ ಕೈಕೊಟ್ಟಾಗ ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ.

ನನಗೆ ಬೇಕಾದ ಮಾಡೆಲ್ ಯಾವ ಅಂಗಡಿಯಲ್ಲೂ ಇಟ್ಟಿಲ್ಲ. ಏನು ಮಾಡಲಿ?

ಅದೇ ಕಂಪನಿಯ, ಅದೇ ಸರಣಿಯ ಬೇರೆ ಮಾಡೆಲ್ ಹುಡುಕಿ. ಒಂದೇ ಸರಣಿಯಲ್ಲಿ ಕೀಬೋರ್ಡ್, ಟಚ್‌ಪ್ಯಾಡ್ ಸಾಮಾನ್ಯವಾಗಿ ಹತ್ತಿರ ಹತ್ತಿರ ಇರುತ್ತವೆ. ಗಾತ್ರ, ತೂಕ ತಿಳಿಯಲು ಅಷ್ಟೇ ತೂಕದ ಬೇರೆ ಯಾವುದಾದರೂ ಆದೀತು. ಪರದೆಯನ್ನು ಮಾತ್ರ ಹೀಗೆ ಊಹಿಸಲಾಗದು. ಆಗ ವಾಪಸ್ ತೆಗೆದುಕೊಳ್ಳುವ ಕಡೆಯಿಂದ ಕೊಳ್ಳಿ. ತೆರೆದ ಡಬ್ಬಿಯನ್ನೂ ತೆಗೆದುಕೊಳ್ಳುತ್ತಾರೆಯೇ ಅಥವಾ ದೋಷ ಇದ್ದರೆ ಮಾತ್ರವೇ, ಕೊಳ್ಳುವ ಮೊದಲೇ ಓದಿ. ಬಂದ ದಿನವೇ ಮೇಲಿನದ್ದೆಲ್ಲ ಮನೆಯಲ್ಲಿ ಮಾಡಿ ನೋಡಿ, ಅಲ್ಲಿಯವರೆಗೆ ಡಬ್ಬಿ, ಪ್ಲಾಸ್ಟಿಕ್, ಥರ್ಮೋಕೋಲ್ ಏನನ್ನೂ ಎಸೆಯಬೇಡಿ.